ಜೊಲ್ಲಿನಲ್ಲಿ ಒಸಡು ರೋಗದ ಬ್ಯಾಕ್ಟೀರಿಯಾ: ಸಿಕ್ಕರೂ ಗಾಬರಿ ಬೇಡ, ಸಿಗದಿದ್ದರೂ ನಿಶ್ಚಿಂತೆ ಬೇಡ

ಪ್ರಶ್ನೆ: ನನಗೆ 43 ವರ್ಷ. ಹಲ್ಲುಜ್ಜುವಾಗ ಆಗಾಗ ಒಸಡಿನಿಂದ ರಕ್ತ ಬರುತ್ತದೆ, ನೋವೇನೂ ಇಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಪ್ಪನಿಗೆ 55 ತುಂಬುವುದರೊಳಗೆ ಹಲ್ಲೆಲ್ಲ ಅಲ್ಲಾಡಿ ಬಿದ್ದಿದ್ದವು. ಜೊಲ್ಲಿನಲ್ಲೇ ಒಸಡು ರೋಗದ ಬ್ಯಾಕ್ಟೀರಿಯಾ ಪತ್ತೆ ಮಾಡುವ ಬಯೋಸೆನ್ಸರ್ ಬಂದಿದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಅದು ಹೇಗೆ ಕೆಲಸ ಮಾಡುತ್ತದೆ? ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ನೆಗೆಟಿವ್ ಬಂದರೆ ಡಾಕ್ಟರ್ ಹತ್ತಿರ ಹೋಗುವುದು ಬೇಡ ಅಲ್ವಾ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಲೇಬೇಕು. ಮನೆಯ ಪರೀಕ್ಷೆ ಏನೇ ಹೇಳಲಿ, ಹೋಗಬೇಕು. ನಿಮ್ಮ ಪತ್ರದಲ್ಲೇ ಮೂರು ಸುಳಿವುಗಳಿವೆ: ಒಸಡಿನ ರಕ್ತ, ಸಕ್ಕರೆ ಕಾಯಿಲೆ, ಅಪ್ಪನ ಹಲ್ಲುಗಳ ಕತೆ. ಈ ಮೂರೂ ಒಟ್ಟಿಗಿರುವವರ ಒಸಡನ್ನು ಅಳೆದು ನೋಡಲು ಬೇರೆ ಕಾರಣ ಬೇಕಿಲ್ಲ. ಸದ್ಯಕ್ಕೆ ಯಾವ ಬಯೋಸೆನ್ಸರ್ ಕೂಡ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಹಾಗಂತ ನೀವು ನೋಡಿದ ವಿಡಿಯೊ ಸುಳ್ಳು ಎಂದಲ್ಲ. ಇಂಥ ಸೆನ್ಸರ್‌ಗಳು ಪ್ರಯೋಗಾಲಯಗಳಲ್ಲಿ ನಿಜವಾಗಿಯೂ ಇವೆ. ಕೆಲವು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ತೊಡಕಿರುವುದು ನಾವು ಅವುಗಳಿಗೆ ಕೇಳುವ ಪ್ರಶ್ನೆಯಲ್ಲಿ. ‘ರೋಗಾಣು ಇದೆಯಾ, ಇಲ್ವಾ?’ ಎಂದಷ್ಟೇ ಕೇಳಿದರೆ ಸಿಗುವ ಉತ್ತರದಿಂದ ನಿಮ್ಮ ಒಸಡಿನ ಬಗ್ಗೆ ಗೊತ್ತಾಗುವುದು ತುಂಬಾ ಕಡಿಮೆ. ಯಾಕೆಂದು ಹೇಳಬೇಕಾದರೆ ಬಾಯೊಳಗೆ ಏನು ನಡೆಯುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಹಲ್ಲಿಗೂ ಒಸಡಿಗೂ ನಡುವೆ ಎಲ್ಲರಿಗೂ ಒಂದು ಸಣ್ಣ ಸಂದಿ ಇರುತ್ತದೆ. ಒಸಡು ಆರೋಗ್ಯವಾಗಿದ್ದರೆ ಅದರ ಆಳ 1ರಿಂದ 3 ಮಿಲಿಮೀಟರ್. ಹಲ್ಲಿನ ಮೇಲೆ ಕಟ್ಟುವ ಲೋಳೆಯಂಥ ಪ್ಲಾಕ್ ಅಲ್ಲೇ ಉಳಿದರೆ ಒಸಡು ಕೆಂಪಾಗುತ್ತದೆ, ಊದುತ್ತದೆ, ಬ್ರಷ್ ತಾಗಿದರೆ ರಕ್ತ ಬರುತ್ತದೆ. ಇದು ಜಿಂಜಿವೈಟಿಸ್. ಚೆನ್ನಾಗಿ ಶುಚಿ ಮಾಡಿದರೆ ಪೂರ್ತಿ ವಾಸಿಯಾಗುತ್ತದೆ. ಆದರೆ ಕೆಲವರಲ್ಲಿ ಉರಿಯೂತ ಕೆಳಗಿಳಿಯುತ್ತದೆ. ಹಲ್ಲನ್ನು ಹಿಡಿದಿರುವ ನಾರುಗಳೂ ಮೂಳೆಯೂ ಕರಗತೊಡಗುತ್ತವೆ. ಸಂದಿ 4, 5, 7 ಮಿಲಿಮೀಟರ್‌ವರೆಗೆ ಆಳವಾಗುತ್ತದೆ. ಅದಕ್ಕೆ ನಾವು ಪಾಕೆಟ್ ಎನ್ನುತ್ತೇವೆ, ರೋಗಕ್ಕೆ ಪೆರಿಯೊಡಾಂಟೈಟಿಸ್. ಇಲ್ಲಿ ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ನೋವಿಲ್ಲದೇ ಇರುವುದೇ ಇದರ ಕೆಟ್ಟ ಗುಣ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 19 ಮಂದಿಗೆ, ಅಂದರೆ ನೂರು ಕೋಟಿಗೂ ಜಾಸ್ತಿ ಜನರಿಗೆ, ತೀವ್ರ ಸ್ವರೂಪದ ಒಸಡು ರೋಗವಿದೆ.

ಇನ್ನು ಬ್ಯಾಕ್ಟೀರಿಯಾ. ಮನುಷ್ಯರ ಬಾಯಲ್ಲಿ 700ರಷ್ಟು ಬಗೆಗಳನ್ನು ಗುರುತಿಸಿದ್ದಾರೆ. ಇವುಗಳಲ್ಲಿ ಒಸಡು ರೋಗದ ಜೊತೆ ಯಾವುದು ಜಾಸ್ತಿ ಕಾಣಿಸಿಕೊಳ್ಳುತ್ತದೆ ಎಂದು ಅಮೆರಿಕದ ಬಾಸ್ಟನ್‌ನ ಫೋರ್ಸೈತ್ ಸಂಸ್ಥೆಯ ಸಿಗ್ಮಂಡ್ ಸೊಕ್ರಾನ್ಸ್‌ಕಿ ಮತ್ತು ಸಂಗಡಿಗರು ಸಾವಿರಾರು ಪ್ಲಾಕ್ ಮಾದರಿಗಳನ್ನು ನೋಡಿ 1998ರಲ್ಲಿ ಒಂದು ಪಟ್ಟಿ ಮಾಡಿದರು. ಬ್ಯಾಕ್ಟೀರಿಯಾಗಳನ್ನು ಬಣ್ಣದ ಗುಂಪುಗಳಾಗಿ ಹಂಚಿದರು. ಆಳದ ಪಾಕೆಟ್‌ಗಳಲ್ಲಿ, ರಕ್ತ ಬರುವ ಜಾಗಗಳಲ್ಲಿ ಒಟ್ಟಿಗೇ ಸಿಗುವ ಮೂರಕ್ಕೆ ‘ಕೆಂಪು ಗುಂಪು’ ಎಂದು ಕರೆದರು. ಈಗಿನ ಹೆಸರುಗಳಲ್ಲಿ ಹೇಳುವುದಾದರೆ ಪಾರ್ಫೈರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನಿಮಾ ಡೆಂಟಿಕೋಲಾ. ಜೊಲ್ಲಿನ ಸೆನ್ಸರ್ ಮಾಡುವವರೆಲ್ಲ ಹೆಚ್ಚಾಗಿ ಬೆನ್ನು ಹತ್ತಿರುವುದು ಮೊದಲನೆಯದನ್ನು.

ಈ ಜಿಂಜಿವಾಲಿಸ್‌ನ ಸ್ವಭಾವ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಅದಕ್ಕೆ ಗಾಳಿಯ ಆಮ್ಲಜನಕ ಆಗದು. ಹಾಗಾಗಿ ಆಳದ ಪಾಕೆಟ್ ಇಷ್ಟ. ಸಕ್ಕರೆಯಲ್ಲಿ ಅದಕ್ಕೆ ಆಸಕ್ತಿ ಇಲ್ಲ. ಸಿಹಿ ತಿಂದರೆ ಹುಳುಕು ಹಲ್ಲು ಮಾಡುವ ಬ್ಯಾಕ್ಟೀರಿಯಾಗಳೇ ಬೇರೆ. ಇದಕ್ಕೆ ಬೇಕಾದದ್ದು ಪ್ರೋಟೀನ್ ತುಣುಕುಗಳು, ಜೊತೆಗೆ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣಾಂಶ. ಪ್ರಯೋಗಾಲಯದಲ್ಲಿ ರಕ್ತ ಬೆರೆಸಿದ ತಟ್ಟೆಯ ಮೇಲೆ ಬೆಳೆಸಿದರೆ ಆ ಕಬ್ಬಿಣಾಂಶವನ್ನು ಮೈಮೇಲೆ ಕೂಡಿಸಿಕೊಂಡು ಕಪ್ಪಾಗುತ್ತದೆ. ಅಂದರೆ ರಕ್ತ ಒಸರುವ ಒಸಡು ಅದಕ್ಕೆ ಊಟದ ಮನೆ. ಈ ಊಟಕ್ಕಾಗಿ ಅದು ಜಿಂಜಿಪೈನ್ ಎಂಬ ಕಿಣ್ವಗಳನ್ನು ಹೊರಬಿಡುತ್ತದೆ. ಇವು ಪ್ರೋಟೀನ್‌ಗಳನ್ನು ಅರ್ಜಿನಿನ್ ಮತ್ತು ಲೈಸಿನ್ ಎಂಬ ಅಮೈನೊ ಆಮ್ಲಗಳಿರುವ ಕಡೆ ಕತ್ತರಿಸುತ್ತವೆ. ಈ ಕತ್ತರಿಸುವ ಗುಣವನ್ನು ನೆನಪಿಟ್ಟುಕೊಳ್ಳಿ, ಸೆನ್ಸರ್ ಮಾಡುವವರಿಗೆ ಅದು ತುಂಬಾ ಉಪಯೋಗಕ್ಕೆ ಬಂದಿದೆ.

ಹಾಗಾದರೆ ಈ ಬ್ಯಾಕ್ಟೀರಿಯಾ ಇದ್ದವರಿಗೆಲ್ಲ ರೋಗ ಬರುತ್ತದಾ? ಇಲ್ಲ. ನನ್ನ ಉತ್ತರದ ತಿರುಳು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

1970ರಲ್ಲಿ ಹೆರಾಲ್ಡ್ ಲೋ ಎಂಬ ನಾರ್ವೆ ಮೂಲದ ತಜ್ಞ ಶ್ರೀಲಂಕಾದ ಚಹಾ ತೋಟಗಳ 480 ಗಂಡಸು ಕೂಲಿಕಾರರನ್ನು ಪರೀಕ್ಷಿಸಲು ಶುರು ಮಾಡಿದರು. ಇವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ, ದಂತವೈದ್ಯರೂ ಇರಲಿಲ್ಲ. ಎಲ್ಲರ ಹಲ್ಲಿನ ಮೇಲೂ ಒಂದೇ ಸಮನೆ ಪ್ಲಾಕ್, ಅದು ಗಟ್ಟಿಯಾಗಿ ಕಟ್ಟಿದ ಗಾರೆ. ಒಸಡಿನ ಉರಿಯೂತವೂ ಎಲ್ಲರಿಗೂ ಇತ್ತು. 15 ವರ್ಷ ಹಿಂಬಾಲಿಸಿದ ಮೇಲೆ ಸಿಕ್ಕ ಲೆಕ್ಕ ಹೀಗಿತ್ತು: ಶೇ. 8 ಮಂದಿಯಲ್ಲಿ ರೋಗ ವೇಗವಾಗಿ ಏರಿ ಹಲ್ಲುಗಳು ಹೋದವು. ಶೇ. 81 ಮಂದಿಯಲ್ಲಿ ನಿಧಾನವಾಗಿ ಏರಿತು. ಉಳಿದ ಶೇ. 11 ಮಂದಿಗೆ ಜಿಂಜಿವೈಟಿಸ್ ಬಿಟ್ಟರೆ ಮುಂದೆ ಏನೂ ಆಗಲಿಲ್ಲ. ಯಾವತ್ತೂ ಹಲ್ಲು ಉಜ್ಜದೆಯೂ! ಕೊಳೆ ಎಲ್ಲರಿಗೂ ಒಂದೇ, ಫಲ ಮಾತ್ರ ಬೇರೆ ಬೇರೆ. ನಡುವೆ ಇರುವುದು ಆಯಾ ಮನುಷ್ಯನ ದೇಹ ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದು. ಅನುವಂಶೀಯತೆ, ಸಕ್ಕರೆ ಕಾಯಿಲೆ, ತಂಬಾಕು ಎಲ್ಲ ಕೈಯಾಡಿಸುವುದು ಇಲ್ಲೇ.

ಇನ್ನೊಂದು ಪ್ರಯೋಗ ಇಲಿಗಳದ್ದು, 2011ರಲ್ಲಿ ಪ್ರಕಟವಾಯಿತು. ಮಾಮೂಲಿ ಇಲಿಗಳ ಬಾಯಿಗೆ ಜಿಂಜಿವಾಲಿಸ್ ಹಾಕಿದಾಗ ಅದು ಒಟ್ಟು ಬ್ಯಾಕ್ಟೀರಿಯಾದಲ್ಲಿ ಶೇ. 0.01ಕ್ಕಿಂತ ಕಡಿಮೆ ಇದ್ದರೂ ಮೂಳೆ ಸವೆಯಿತು. ಬಾಯಲ್ಲಿ ಯಾವ ಬ್ಯಾಕ್ಟೀರಿಯಾವೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಅದನ್ನೊಂದೇ ಹಾಕಿದಾಗ ಏನೂ ಆಗಲಿಲ್ಲ. ಅಂದರೆ ಅದು ಒಂಟಿಯಾಗಿ ಮೂಳೆ ತಿನ್ನುವುದಿಲ್ಲ. ದೇಹದ ರಕ್ಷಣೆಯ ಲೆಕ್ಕ ತಪ್ಪಿಸಿ, ಇಡೀ ಬ್ಯಾಕ್ಟೀರಿಯಾ ಸಮೂಹವನ್ನೇ ಕೆಡಿಸುತ್ತದೆ. ಸೆನ್ಸರ್ ಮಾಡುವವರಿಗೆ ಇದು ತಲೆನೋವಿನ ಸಂಗತಿ. ರೋಗಾಣು ಬಹಳ ಕಡಿಮೆ ಇದ್ದರೂ ಹಾನಿ ಆಗಬಹುದು. ಇದ್ದೂ ಹಾನಿ ಆಗದಿರಬಹುದು.

ಲೆಕ್ಕ ಹಾಕಿಯೇ ನೋಡೋಣ. ಅಮೆರಿಕದ ಒಹಾಯೊ ರಾಜ್ಯದ ಸಂಶೋಧಕರು 1998ರಲ್ಲಿ ಒಸಡಿನ ಸಂದಿಯಿಂದ ತೆಗೆದ ಮಾದರಿಗಳಲ್ಲಿ ಡಿಎನ್‌ಎ ಪರೀಕ್ಷೆಯಿಂದ ಜಿಂಜಿವಾಲಿಸ್ ಹುಡುಕಿದರು. ಪೆರಿಯೊಡಾಂಟೈಟಿಸ್ ಇದ್ದವರಲ್ಲಿ ಶೇ. 79 ಮಂದಿಗೆ ಸಿಕ್ಕಿತು. ಆರೋಗ್ಯವಂತರಲ್ಲೂ ಶೇ. 25 ಮಂದಿಗೆ ಸಿಕ್ಕಿತು. ಈಗ ನಿಮ್ಮ ಬಡಾವಣೆಯ 100 ವಯಸ್ಕರನ್ನು ಊಹಿಸಿಕೊಳ್ಳಿ. ಅವರಲ್ಲಿ 20 ಜನರಿಗೆ ತೀವ್ರ ರೋಗವಿದೆ, 80 ಜನರಿಗೆ ಇಲ್ಲ ಎಂದಿಟ್ಟುಕೊಳ್ಳೋಣ. ‘ಇದೆ, ಇಲ್ಲ’ ಎಂದಷ್ಟೇ ಹೇಳುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದರೆ ರೋಗಿಗಳಲ್ಲಿ ಸುಮಾರು 16 ಜನ ಪಾಸಿಟಿವ್ ಬರುತ್ತಾರೆ. ಆರೋಗ್ಯವಂತರಲ್ಲೂ 20 ಜನ ಪಾಸಿಟಿವ್! ಒಟ್ಟು 36 ಪಾಸಿಟಿವ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರೋಗವಿಲ್ಲ. ಇನ್ನೊಂದು ಕಡೆ ನಾಲ್ವರು ನಿಜವಾದ ರೋಗಿಗಳು ‘ನೆಗೆಟಿವ್, ಎಲ್ಲ ಸರಿಯಿದೆ’ ಎಂದು ಮನೆಗೆ ಹೋಗುತ್ತಾರೆ. ಗಮನಿಸಿ, ಇಲ್ಲಿ ಯಂತ್ರ ಎಲ್ಲೂ ತಪ್ಪು ಹೇಳಿಲ್ಲ. ಇದ್ದದ್ದನ್ನು ಇದೆ ಎಂದೇ ಹೇಳಿದೆ.

ಇನ್ನು ಬಯೋಸೆನ್ಸರ್ ಎಂದರೇನು ಎಂಬ ನಿಮ್ಮ ಮೊದಲ ಪ್ರಶ್ನೆ. ನಿಮ್ಮ ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಅದೇ ಒಂದು ಬಯೋಸೆನ್ಸರ್. ಇಂಥ ಸಾಧನದಲ್ಲಿ ಎರಡು ಭಾಗ. ಒಂದು, ಬೇಕಾದ ವಸ್ತುವನ್ನು ಮಾತ್ರ ಗುರುತು ಹಿಡಿಯುವ ಜೈವಿಕ ಪದಾರ್ಥ. ಇನ್ನೊಂದು, ಆ ಗುರುತನ್ನು ಕರೆಂಟಾಗಿ, ಬಣ್ಣವಾಗಿ, ಬೆಳಕಾಗಿ ಬದಲಾಯಿಸುವ ಭಾಗ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಗ್ಲೂಕೋಸ್ ಗುರುತಿಸುವ ಕಿಣ್ವವನ್ನು ಎಲೆಕ್ಟ್ರೋಡ್ ಜೊತೆ ಸೇರಿಸುವ ದಾರಿ ತೋರಿಸಿದರು, ಇವತ್ತಿನ ಸ್ಟ್ರಿಪ್‌ಗಳು ಅದೇ ವಂಶದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ ಅವರ ತಂಡ ಬೆಳೆಸಿದ, ಆಮೇಲೆ ಪಾಥ್‌ಶೋಧ್ ಎಂಬ ಕಂಪನಿಯಾಗಿ ಹೊರಬಂದ ಅಂಗೈಯಗಲದ ಸಾಧನವೂ ಈ ಜಾತಿಯದ್ದೇ. ಗ್ಲೂಕೋಸ್ ಅಷ್ಟೇ ಅಲ್ಲದೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಥರದ ಅಳತೆಗಳನ್ನೂ ಅದು ಕೊಡುತ್ತದೆ. ಅದು ಒಸಡಿಗೆ ಮಾಡಿದ್ದಲ್ಲ. ಆದರೆ ಇಂಥ ಕೆಲಸ ಇಲ್ಲೇ ಆಗುತ್ತದೆ ಎಂಬುದಕ್ಕೆ ಹೇಳಿದೆ.

ಒಸಡಿನ ಬ್ಯಾಕ್ಟೀರಿಯಾವನ್ನು ಗುರುತು ಹಿಡಿಯಲು ಮೂರು ನಾಲ್ಕು ದಾರಿಗಳಿವೆ. ಅದರ ಮೈಮೇಲಿನ ಪ್ರೋಟೀನ್‌ಗೆ ಅಂಟುವ ಆಂಟಿಬಾಡಿಯನ್ನು ಎಲೆಕ್ಟ್ರೋಡ್ ಮೇಲೆ ಕೂರಿಸಬಹುದು. ಬ್ಯಾಕ್ಟೀರಿಯಾ ಬಂದು ಅಂಟಿದರೆ ಅಲ್ಲಿ ವಿದ್ಯುತ್ ಹರಿಯಲು ತಡೆ ಜಾಸ್ತಿಯಾಗುತ್ತದೆ, ಅದನ್ನು ಅಳೆಯುತ್ತಾರೆ. ಆಂಟಿಬಾಡಿ ಬದಲು ಆಪ್ಟಮರ್ ಎಂಬ ಚಿಕ್ಕ ಡಿಎನ್‌ಎ ಅಥವಾ ಆರ್‌ಎನ್‌ಎ ತುಣುಕನ್ನೂ ಬಳಸುತ್ತಾರೆ. ಇದು ಬಿಸಿಲಿಗೆ, ಸೆಕೆಗೆ ಬೇಗ ಕೆಡುವುದಿಲ್ಲ, ನಮ್ಮ ಕಡೆಗೆ ಅದು ಒಳ್ಳೆಯದೇ. ಇನ್ನೊಂದು, ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹುಡುಕುವುದು. ಇದಕ್ಕೆ ಬಳಸುವ ಪಿಸಿಆರ್ ಪರೀಕ್ಷೆಯ ಹೆಸರು ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾಯಿತು. ಅಮೆರಿಕದಲ್ಲಿ ಬಾಯಿ ಮುಕ್ಕಳಿಸಿದ ದ್ರವವನ್ನು ಲ್ಯಾಬ್‌ಗೆ ಕಳಿಸಿ ಒಸಡಿನ ಬ್ಯಾಕ್ಟೀರಿಯಾಗಳ ಪಟ್ಟಿ ತರಿಸಿಕೊಳ್ಳುವ ಸೇವೆ ಬಹಳ ವರ್ಷಗಳಿಂದ ಇದೆ. ಇದರ ಕೊರತೆ ಏನೆಂದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಚಿಕಿತ್ಸೆ ಆದ ಕೂಡಲೇ ಮಾಡಿಸಿದರೆ ಸುಮ್ನೆ ಗೊಂದಲ.

ನನಗೆ ಇಷ್ಟವಾಗುವುದು ನಾಲ್ಕನೇ ದಾರಿ, ಜಿಂಜಿಪೈನ್‌ನ ಕತ್ತರಿಸುವ ಗುಣವನ್ನು ಅಳೆಯುವುದು. ಒಂದು ವಿನ್ಯಾಸದಲ್ಲಿ ಚಿನ್ನದ ತೆಳು ಪದರದ ಮೇಲೆ ಕಪ್ಪು ಬಣ್ಣದ ಕಾಂತೀಯ ನ್ಯಾನೊ ಕಣಗಳನ್ನು ಪೆಪ್ಟೈಡ್ ಎಂಬ ಚಿಕ್ಕ ಪ್ರೋಟೀನ್ ತುಣುಕಿನ ಎಳೆಗಳಿಂದ ಕಟ್ಟಿರುತ್ತಾರೆ. ಹತ್ತಿರದಲ್ಲಿ ಒಂದು ಆಯಸ್ಕಾಂತ. ಮಾದರಿಯಲ್ಲಿ ಜಿಂಜಿಪೈನ್ ಇದ್ದರೆ ಅದು ಎಳೆಗಳನ್ನು ಕತ್ತರಿಸುತ್ತದೆ. ಕಣಗಳು ಆಯಸ್ಕಾಂತದತ್ತ ಹೋಗುತ್ತವೆ. ಕಪ್ಪು ಸರಿದು ಕೆಳಗಿನ ಚಿನ್ನ ಕಾಣುತ್ತದೆ. ಬ್ಯಾಟರಿ ಬೇಡ, ಯಂತ್ರ ಬೇಡ, ಕಣ್ಣಿಗೇ ಗೊತ್ತಾಗುತ್ತದೆ. ಬರೀ ಹಾಜರಿ ಹೇಳುವ ಬದಲು ಬ್ಯಾಕ್ಟೀರಿಯಾ ಎಷ್ಟು ಚಟುವಟಿಕೆಯಿಂದಿದೆ ಎಂದು ಹೇಳುವ ಪರೀಕ್ಷೆ ಇದು. ಹಾಗಾಗಿಯೇ ಇದರ ಮೇಲೆ ನನಗೆ ಭರವಸೆ ಜಾಸ್ತಿ.

ಈ ಯೋಚನೆ ಹೊಸದೂ ಅಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ವಾಲ್ಟರ್ ಲೋಷೆ ದಶಕಗಳ ಹಿಂದೆಯೇ ‘ಬಾನಾ’ ಎಂಬ ಪರೀಕ್ಷೆ ತಂದಿದ್ದರು. ಪಾಕೆಟ್‌ನಿಂದ ತೆಗೆದ ಪ್ಲಾಕನ್ನು ಪಟ್ಟಿಗೆ ಸವರಿ, ಸ್ವಲ್ಪ ಹೊತ್ತು ಬೆಚ್ಚಗಿಟ್ಟರೆ ನೀಲಿ ಬಣ್ಣ ಬರುತ್ತದೆ. ಕೆಂಪು ಗುಂಪಿನ ಮೂರೂ ಬ್ಯಾಕ್ಟೀರಿಯಾಗಳ ಕಿಣ್ವಗಳು ಆ ಪಟ್ಟಿಯ ರಾಸಾಯನಿಕವನ್ನು ಒಡೆಯುತ್ತವೆ. ಮೂರರಲ್ಲಿ ಯಾವುದು ಎಂದು ಮಾತ್ರ ಹೇಳುವುದಿಲ್ಲ. ನಮ್ಮ ದಂತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಬಲ್ಲರು. ರೋಗಿಗಳ ತನಕ ಅದು ಬರಲೇ ಇಲ್ಲ ಎನ್ನಬಹುದು. ಕಾರಣ ಸರಳ. ಬಣ್ಣ ನೀಲಿಯಾದರೂ ಆಗದಿದ್ದರೂ ವೈದ್ಯರು ಮಾಡುವ ಕೆಲಸ ಅದೇ ಆಗಿತ್ತು: ಪಾಕೆಟ್ ಅಳೆಯುವುದು, ಶುಚಿ ಮಾಡುವುದು.

ಒಂದು ಮೋಜಿನ ಸಂಗತಿ ಹೇಳದೆ ಮುಂದೆ ಹೋಗಲಾರೆ. 2012ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನ ಸಂಶೋಧಕರು ಹಲ್ಲಿಗೆ ಅಂಟಿಸುವ ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಹಚ್ಚೆ ಮಾಡಿದ್ದರು. ರೇಷ್ಮೆಯ ಪೊರೆಯ ಮೇಲೆ ಗ್ರಾಫೀನ್ ಅಚ್ಚು ಹಾಕಿ ಹಲ್ಲಿಗೆ ಅಂಟಿಸಿದರೆ ರೇಷ್ಮೆ ನೀರಲ್ಲಿ ಕರಗಿ ಸೆನ್ಸರ್ ಉಳಿಯುತ್ತದೆ. ಬ್ಯಾಕ್ಟೀರಿಯಾ ಹಿಡಿಯಲು ಬಳಸಿದ್ದು ಕಪ್ಪೆಯ ಚರ್ಮದಲ್ಲಿ ಸಿಗುವ ಒಂದು ಪೆಪ್ಟೈಡ್. ಮಾಹಿತಿ ವೈರ್‌ಲೆಸ್ ಆಗಿ ಬರುತ್ತಿತ್ತು. ಆಗ ಸುದ್ದಿಯೋ ಸುದ್ದಿ. ಆದರೆ ಅದನ್ನು ಅಂಟಿಸಿದ್ದು ದನದ ಹಲ್ಲಿಗೆ. ಜೊಲ್ಲಿನಲ್ಲಿ ಹುಡುಕಿದ್ದು ಹೊಟ್ಟೆ ಹುಣ್ಣಿನ ಹೆಲಿಕೊಬ್ಯಾಕ್ಟರ್ ಪೈಲೊರಿಯನ್ನು. ನಮ್ಮ ಜಿಂಜಿವಾಲಿಸ್ ಅಲ್ಲಿರಲಿಲ್ಲ. ವಿಡಿಯೊಗಳಲ್ಲಿ ಈ ವಿವರಗಳೇ ಬಿಟ್ಟುಹೋಗುವುದು.

ಇಷ್ಟೆಲ್ಲ ಬುದ್ಧಿವಂತಿಕೆ ಇದ್ದೂ ಗ್ಲೂಕೋಮೀಟರ್ ಥರ ಒಸಡಿನ ಮೀಟರ್ ಯಾಕೆ ಮನೆಮನೆಗೆ ಬಂದಿಲ್ಲ? ಒಂದು ಕಾರಣ ಪ್ರಮಾಣ. ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರ್‌ಗೆ 100 ಮಿಲಿಗ್ರಾಂ ಎಂದರೆ ಮಿಲಿಲೀಟರ್‌ಗೆ ಹತ್ತು ಲಕ್ಷ ನ್ಯಾನೊಗ್ರಾಂ. ಒಸಡಿನ ಉರಿಯೂತ ತೋರಿಸುವ ಒಂದು ಕಿಣ್ವವನ್ನು ಅಳೆಯುವಾಗ ನಾವು ನೋಡುವ ಗಡಿ ಮಿಲಿಲೀಟರ್‌ಗೆ 20 ನ್ಯಾನೊಗ್ರಾಂ. ಅಂದರೆ 50,000 ಪಟ್ಟು ಕಡಿಮೆ. ಇನ್ನೊಂದು ಕಾರಣ ಜೊಲ್ಲೇ. ನೋಡಲು ನೀರಿನಂತಿದ್ದರೂ ಅದರಲ್ಲಿರುವ ಮ್ಯೂಸಿನ್ ಎಂಬ ಅಂಟು ಪ್ರೋಟೀನ್ ಸೆನ್ಸರ್ ಮೇಲೆಲ್ಲ ಹರಡಿ ಕೂರುತ್ತದೆ. ಊಟದ ಚೂರು, ಕಾಫಿ, ಅಡಿಕೆ ರಸ ಎಲ್ಲವೂ ಬೆರೆಯುತ್ತವೆ. ಜೊಲ್ಲು ಒಮ್ಮೆ ನೀರಾಗಿರುತ್ತದೆ, ಒಮ್ಮೆ ಮಂದವಾಗಿರುತ್ತದೆ. ಬಾಯಿ ಒಣಗಿದ್ದರೆ ಎಲ್ಲ ಅಳತೆಯೂ ಏರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಬಾಯಿ ಒಣಗುವುದು ಸಾಮಾನ್ಯ, ನಿಮಗಿದು ಗೊತ್ತಿರಬಹುದು. ಇಷ್ಟು ಸಾಲದು ಎಂಬಂತೆ ಜಿಂಜಿವಾಲಿಸ್‌ನಲ್ಲೇ ಹಲವು ತಳಿಗಳು. ಒಂದಕ್ಕೆ ಚೆನ್ನಾಗಿ ಅಂಟುವ ಆಂಟಿಬಾಡಿ ಇನ್ನೊಂದನ್ನು ಬಿಟ್ಟುಬಿಡಬಹುದು.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ಜಾಗದ್ದು. ಪಾಕೆಟ್ ಒಳಗಿನಿಂದ ಒಸರುವ ದ್ರವ ಇಡೀ ಬಾಯಿಂದ ದಿನಕ್ಕೆ ಹೆಚ್ಚೆಂದರೆ ಎರಡೂವರೆ ಮಿಲಿಲೀಟರ್. ಜೊಲ್ಲು ಅರ್ಧ ಲೀಟರ್‌ನಿಂದ ಒಂದೂವರೆ ಲೀಟರ್. ಜೊಲ್ಲಿನಲ್ಲಿ ಒಂದು ಮಿಲಿಲೀಟರ್‌ಗೆ ಸುಮಾರು ಹತ್ತು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ ನಿಜ, ಆದರೆ ಅವುಗಳಲ್ಲಿ ಬಹುಪಾಲು ನಾಲಿಗೆಯ ಮೇಲಿಂದ ಉದುರಿದವು. ನಿಮಗೆ ಹಿಂಬದಿಯ ಒಂದೇ ದವಡೆ ಹಲ್ಲಿನ ಪಕ್ಕ 8 ಮಿಲಿಮೀಟರ್ ಪಾಕೆಟ್ ಇದ್ದು ಉಳಿದೆಲ್ಲ ಚೆನ್ನಾಗಿದ್ದರೆ ಆ ಒಂದು ಜಾಗದ ಸುದ್ದಿ ಇಷ್ಟು ಜೊಲ್ಲಿನಲ್ಲಿ ಮುಳುಗಿಹೋಗುತ್ತದೆ. ಊರ ಕೆರೆಯ ನೀರು ಪರೀಕ್ಷೆ ಮಾಡಿ ಯಾರ ಮನೆಯ ಬಚ್ಚಲು ಕಟ್ಟಿದೆ ಎಂದು ಹೇಳಲು ಆಗುತ್ತದಾ? ಹಾಗೆ. ಒಸಡು ರೋಗ ಇಡೀ ಬಾಯಿಗೆ ಒಂದೇ ಸಮ ಬರುವುದಿಲ್ಲ. ಹಲ್ಲಿನ ಒಂದು ಬದಿಗೆ ಇದ್ದು ಇನ್ನೊಂದು ಬದಿಗೆ ಇಲ್ಲದಿರಬಹುದು. ಅದಕ್ಕೇ ನಾವು ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆಯುವುದು.

ಈಗ ಇನ್ನೊಂದು ಬಗೆಯ ಪರೀಕ್ಷೆ. ಇದು ಬ್ಯಾಕ್ಟೀರಿಯಾವನ್ನು ಹುಡುಕುವುದೇ ಇಲ್ಲ. ನಿಮ್ಮ ದೇಹದ ಪ್ರತಿಕ್ರಿಯೆಯನ್ನು ಅಳೆಯುತ್ತದೆ. ಒಸಡಿಗೆ ಧಾವಿಸುವ ಬಿಳಿ ರಕ್ತಕಣಗಳು ಎಂಎಂಪಿ-8 ಎಂಬ ಕಿಣ್ವ ಬಿಡುತ್ತವೆ. ಅದು ಒಸಡಿನ ಕೊಲಾಜನ್ ನಾರುಗಳನ್ನು ತುಂಡರಿಸುತ್ತದೆ. ಚಹಾ ತೋಟದ ಕತೆಯಲ್ಲಿ ಒಬ್ಬೊಬ್ಬರ ಫಲ ಬೇರೆಯಾದದ್ದು ಇಂಥ ಪ್ರತಿಕ್ರಿಯೆಗಳಿಂದಲೇ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಮೊ ಸೊರ್ಸಾ ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಆ ಕೆಲಸದಿಂದ ಬಂದ ಪೆರಿಯೊಸೇಫ್ ಎಂಬ ಕಿಟ್ ಯುರೋಪಿನಲ್ಲಿ ಸಿಗುತ್ತದೆ. ಬಾಯಿ ಮುಕ್ಕಳಿಸಿದ ನೀರನ್ನು ಗರ್ಭಧಾರಣೆ ಪರೀಕ್ಷೆಯಂಥದ್ದೇ ಪಟ್ಟಿಗೆ ಹಾಕಿದರೆ ಐದು ನಿಮಿಷದಲ್ಲಿ ಗೆರೆ ಮೂಡುತ್ತದೆ. ನಾನು ಮೇಲೆ ಹೇಳಿದ 20 ನ್ಯಾನೊಗ್ರಾಂ ಇದರದ್ದೇ ಗಡಿ. ಈ ಸಂಖ್ಯೆ ದಾಟಿದ್ದರೆ ಬಾಯಲ್ಲಿ ಎಲ್ಲೋ ಒಸಡಿನ ನಾರು ಒಡೆಯುವ ಕೆಲಸ ಈಗ ನಡೆಯುತ್ತಿದೆ ಎಂದು ಅನುಮಾನಿಸಬಹುದು. ಎಲ್ಲಿ ಎಂದು ಇದೂ ಹೇಳುವುದಿಲ್ಲ. ಬ್ಯಾಕ್ಟೀರಿಯಾ ಪಟ್ಟಿ ಮತ್ತು ಇದರ ನಡುವೆ ಒಂದನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

2018ರಲ್ಲಿ ಪ್ರಕಟವಾದ, ನಾವು ಈಗ ಅನುಸರಿಸುವ ಅಂತರರಾಷ್ಟ್ರೀಯ ವರ್ಗೀಕರಣ ಕೂಡ ಇದೇ ಕಡೆ ವಾಲುತ್ತದೆ. ಎಷ್ಟು ಮೂಳೆ ಹೋಗಿದೆ ಎಂಬುದರ ಮೇಲೆ ನಾಲ್ಕು ಹಂತ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದರ ಮೇಲೆ ಎ, ಬಿ, ಸಿ ಎಂಬ ಮೂರು ಗ್ರೇಡ್. ಪೆರಿಯೊಡಾಂಟೈಟಿಸ್ ಇರುವವರಿಗೆ ಎಚ್‌ಬಿಎ1ಸಿ 7 ಅಥವಾ ಜಾಸ್ತಿ ಇದ್ದರೆ, ಇಲ್ಲವೇ ದಿನಕ್ಕೆ 10 ಸಿಗರೇಟ್ ಅಥವಾ ಜಾಸ್ತಿ ಸೇದುತ್ತಿದ್ದರೆ, ನೇರ ಸಿ ಗ್ರೇಡ್. ಯಾವ ಬ್ಯಾಕ್ಟೀರಿಯಾ ಇದೆ ಎಂಬುದಕ್ಕೆ ಆ ಹಂತ, ಗ್ರೇಡ್‌ಗಳ ಲೆಕ್ಕದಲ್ಲಿ ಜಾಗವೇ ಇಲ್ಲ. ನಿಮ್ಮ ವಿಷಯದಲ್ಲಿ ಜೊಲ್ಲಿನ ಪರೀಕ್ಷೆಗಿಂತ ಎಚ್‌ಬಿಎ1ಸಿ ವರದಿ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಡ ಅಲ್ವಾ?

ಹಾಗಾದರೆ ಈ ಸೆನ್ಸರ್‌ಗಳು ಯಾರಿಗೆ ಬೇಕು? ನನ್ನ ಪ್ರಕಾರ ಎರಡು ಕಡೆ ಇವುಗಳಿಂದ ನಿಜವಾದ ಉಪಯೋಗವಿದೆ. ಒಂದು, ದಂತವೈದ್ಯರು ಇಲ್ಲದ ಕಡೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಬಂದಾಗ ನರ್ಸ್ ಒಬ್ಬರು ಐದು ನಿಮಿಷದಲ್ಲಿ ಯಾರನ್ನು ಮೊದಲು ಕಳಿಸಬೇಕು ಎಂದು ಹೇಳಬಹುದು. ಎರಡು, ಚಿಕಿತ್ಸೆ ಆದ ಮೇಲಿನ ನಿಗಾ. ಬೇರೆಯವರ ಜೊತೆ ಹೋಲಿಸುವ ಬದಲು ನಿಮ್ಮನ್ನೇ ನಿಮ್ಮ ಹಿಂದಿನ ಅಳತೆಯ ಜೊತೆ ಹೋಲಿಸುವಾಗ ತಳಿ, ಅನುವಂಶೀಯತೆ, ಜೊಲ್ಲಿನ ಸ್ವಭಾವದ ಅನೇಕ ತೊಡಕುಗಳು ತಾವಾಗಿ ಕಡಿಮೆಯಾಗುತ್ತವೆ. ಏರಿದೆಯೋ ಇಳಿದಿದೆಯೋ ಎಂಬುದಕ್ಕೆ ಅರ್ಥವಿರುತ್ತದೆ.

ನನ್ನ ದೊಡ್ಡ ಹೆದರಿಕೆ ಬೇರೆ. ಮೊಬೈಲಿನಲ್ಲಿ ‘ಪಾಸಿಟಿವ್’ ಎಂದು ಕಂಡ ಕೂಡಲೇ ಜನ ಔಷಧಿ ಅಂಗಡಿಗೆ ಹೋಗುತ್ತಾರೆ. ಬ್ಯಾಕ್ಟೀರಿಯಾ ಅಂದಮೇಲೆ ಆಂಟಿಬಯೋಟಿಕ್ ನುಂಗಿದರಾಯಿತು ಎಂದುಕೊಳ್ಳುತ್ತಾರೆ. ಒಸಡಿನಲ್ಲಿ ಅದು ನಡೆಯುವುದಿಲ್ಲ. ಪ್ಲಾಕ್ ಒಳಗೆ ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಲೋಳೆಯ ಪದರದಲ್ಲಿ ಕೂತಿರುತ್ತವೆ, ಮಾತ್ರೆ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಮೊದಲು ಉಪಕರಣದಿಂದ ಅದನ್ನು ಕೆರೆದು ತೆಗೆಯಬೇಕು. ಅಮಾಕ್ಸಿಸಿಲಿನ್ ಜೊತೆ ಮೆಟ್ರೊನಿಡಜೋಲ್ ಕೊಡುವ ಪದ್ಧತಿ ಇದೆ, ಆದರೆ ಅದು ಆಯ್ದ ಕೆಲವರಿಗೆ, ಶುಚಿಯ ಜೊತೆಗೆ. ವರದಿ ಹಿಡಿದು ತಾವಾಗಿ ಕೊಂಡು ನುಂಗುವುದಕ್ಕಲ್ಲ.

ಇದೇ ಬ್ಯಾಕ್ಟೀರಿಯಾ ಮರೆವಿನ ಕಾಯಿಲೆ ತರುತ್ತದೆ ಎಂದೂ ನೀವು ಕೇಳಿರಬಹುದು. 2019ರಲ್ಲಿ ಅಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಜಿಂಜಿಪೈನ್ ಸಿಕ್ಕಿತು ಎಂದು ವರದಿಯಾಯಿತು. ಜಿಂಜಿಪೈನ್ ತಡೆಯುವ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಅದು ಮುಖ್ಯ ಗುರಿ ಮುಟ್ಟಲಿಲ್ಲ. ಆ ಭಯಕ್ಕಾಗಿ ಕಿಟ್ ಕೊಳ್ಳಬೇಡಿ.

ನೀವು ಈಗ ಮಾಡಬೇಕಾದದ್ದು ಇಷ್ಟು. ದಂತವೈದ್ಯರ ಹತ್ತಿರ, ಸಾಧ್ಯವಾದರೆ ಒಸಡಿನ ತಜ್ಞರ ಹತ್ತಿರ ಹೋಗಿ. ಸರ್ಕಾರಿ ದಂತ ಕಾಲೇಜುಗಳಲ್ಲೂ ನಿಮ್ಮ ಊರಿನ ಖಾಸಗಿ ದಂತ ಕಾಲೇಜುಗಳಲ್ಲೂ ಈ ವಿಭಾಗ ಇರುತ್ತದೆ, ಖರ್ಚೂ ಕಡಿಮೆ. ಸುಮ್ನೆ ಕನ್ನಡಿ ಹಿಡಿದು ನೋಡಿ ‘ಕ್ಲೀನಿಂಗ್ ಮಾಡಿಸಿ’ ಎಂದರೆ ಸಾಲದು. ಎಲ್ಲ ಹಲ್ಲುಗಳ ಪಾಕೆಟ್ ಅಳತೆ ಬರೆದುಕೊಡಿ ಎಂದು ಕೇಳಿ. ಬೇಕೆನಿಸಿದರೆ ಅವರೇ ಎಕ್ಸ್‌ರೇ ಹೇಳುತ್ತಾರೆ. ಇತ್ತೀಚಿನ ಎಚ್‌ಬಿಎ1ಸಿ ವರದಿ ಜೊತೆಗಿರಲಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೂಳೆ ಮೊದಲೇ ಕರಗಿದ್ದು, ಗಾರೆ ಹಿಡಿದು ನಿಲ್ಲಿಸಿದ್ದ ಹಲ್ಲು ಗಾರೆ ತೆಗೆದಾಗ ಅಲ್ಲಾಡುವುದು ಗೊತ್ತಾಗುತ್ತದೆ, ಅಷ್ಟೇ. ಇನ್ನೊಂದು ಲಾಭವೂ ಇದೆ. ಸಕ್ಕರೆ ಕಾಯಿಲೆಯವರಿಗೆ ಒಸಡಿನ ಚಿಕಿತ್ಸೆ ಮಾಡಿದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿದಿರುವುದು ಕಂಡಿದೆ. ಸಣ್ಣ ಸಂಖ್ಯೆಯಲ್ಲ ಅದು.

ಬೀಡಿ, ಸಿಗರೇಟ್ ಅಭ್ಯಾಸ ಇದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಸೇದುವವರಿಗೆ ಒಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ರೋಗ ಒಳಗೇ ಬೆಳೆಯುತ್ತಿದ್ದರೂ ಹೊರಗೆ ತಣ್ಣಗಿರುತ್ತದೆ. ನಿಮಗೆ ರಕ್ತ ಕಾಣಿಸಿದ್ದೇ ಒಂದು ರೀತಿಯಲ್ಲಿ ಒಳ್ಳೆಯದಾಯಿತು. ರಕ್ತ ಬರುತ್ತದೆಂದು ಆ ಜಾಗ ಉಜ್ಜುವುದನ್ನು ಬಿಡಬೇಡಿ. ಮೃದುವಾದ ಬ್ರಷ್‌ನಲ್ಲಿ ದಿನಕ್ಕೆ ಎರಡು ಸಲ ಉಜ್ಜಿ, ಹಲ್ಲುಗಳ ಸಂದಿಗೆ ಸಂದಿ ಬ್ರಷ್ ಬಳಸಿ. ಅದರ ಸರಿಯಾದ ಗಾತ್ರ ವೈದ್ಯರೇ ತೋರಿಸುತ್ತಾರೆ.

ಇಷ್ಟಾದ ಮೇಲೂ ಜೊಲ್ಲಿನ ಕಿಟ್ ಒಂದು ಸಿಕ್ಕರೆ ನೋಡುವ ಆಸೆ ಇದ್ದರೆ ನನ್ನ ಅಡ್ಡಿಯಿಲ್ಲ. ಕೊಳ್ಳುವ ಮುಂಚೆ ಅದು ಅಳೆಯುವುದು ಬ್ಯಾಕ್ಟೀರಿಯಾವನ್ನೋ ಒಸಡಿನ ಉರಿಯೂತವನ್ನೋ ಎಂದು ಕೇಳಿ. ಬರೀ ಗೆರೆ ತೋರಿಸುತ್ತದೋ, ಸಂಖ್ಯೆ ಕೊಡುತ್ತದೋ ನೋಡಿ. ಸಂಖ್ಯೆ ಕೊಡುವುದಾದರೆ ಚಿಕಿತ್ಸೆ ಶುರುವಾಗುವ ಮುಂಚೆ ಒಂದು ಸಲ, ಮೂರು ತಿಂಗಳ ಮರುಪರೀಕ್ಷೆಗೆ ಹೋಗುವ ಮುಂಚೆ ಇನ್ನೊಂದು ಸಲ ಮಾಡಿ. ಎರಡೂ ಸಲ ಒಂದೇ ಕಂಪನಿಯ ಕಿಟ್ ಇರಲಿ. ಬೆಳಿಗ್ಗೆ ಒಂದೇ ಹೊತ್ತಿಗೆ, ತಿಂಡಿ ಕಾಫಿಗೆ ಮುಂಚೆ ಮಾಡಿ, ಎರಡೂ ಸಂಖ್ಯೆಗಳನ್ನು ಪಾಕೆಟ್ ಅಳತೆಯ ಹಾಳೆಯ ಮೇಲೇ ಬರೆದುಕೊಂಡು ಹೋಗಿ.